ಕಾಕಾನ ಟ್ರಂಕಿನಲ್ಲಿ ಸಿಕ್ಕ ತಗಡಿನ ಟ್ಯಾಂಕು

ಪ್ರಶ್ನೆ: ನಾನು ಬೆಟಗೇರಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದ ನಮ್ಮ ಕಾಕಾ ಹೋದ ವರ್ಷ ತೀರಿಕೊಂಡರು. ಅವರು ಜೋಡಿಸಿ ಇಟ್ಟಿದ್ದ ಯುದ್ಧವಿಮಾನ, ಟ್ಯಾಂಕುಗಳ ಸಣ್ಣ ಮಾದರಿಗಳನ್ನು ಕಾಕು ಎರಡು ಟ್ರಂಕುಗಳಲ್ಲಿ ತುಂಬಿ, ಒಂಬತ್ತನೇ ಇಯತ್ತೆ ಓದುವ ನನ್ನ ಮಗನಿಗೆ ಕೊಟ್ಟಿದ್ದಾರೆ. ಒಟ್ಟು 41 ಇವೆ. ಹೆಚ್ಚಿನವು ಪ್ಲಾಸ್ಟಿಕ್, ಏಳೆಂಟು ಲೋಹದವು. ಮಗ ಎಲ್ಲವನ್ನೂ ಅಳೆದು ಮಾಡಿದ ಪಟ್ಟಿ ಇದರ ಜೊತೆಗಿದೆ. ಹಲವುಗಳ ಮೇಲೆ ಬಿಳಿ ಬೂಸರು ಬಂದಿದೆ, ಕೆಲವು ಟ್ಯಾಂಕುಗಳ ರಬ್ಬರ್ ಚೈನು ಗಾಲಿಗೆ ಅಂಟಿಕೊಂಡುಬಿಟ್ಟಿದೆ. ಕೈಯಿಂದ ಮಾಡಿದ ಒಂದು ತಗಡಿನ ಟ್ಯಾಂಕು, ಒಂದು ಕಟ್ಟಿಗೆಯ ವಿಮಾನ ಬಹಳ ಒರಟಾಗಿವೆ. ಇವಕ್ಕೆ ಹೊಸ ಬಣ್ಣ ಹೊಡೆಸಬಹುದೇ? ಮಗನಿಗೆ ಸಂಗ್ರಹ ಮುಂದುವರಿಸುವ ಆಸೆ, ಯಾವ ಅಳತೆಯವು ಕೊಳ್ಳಬೇಕು? ಇನ್ನೊಂದು ಮಾತು. ಇವನ್ನು ನೋಡಲು ಬಂದವರೊಬ್ಬರು, "ತಗಡಿಂದು ಕಟಗೀದು ನೀವ ಇಟ್ಕೋರಿ, ಉಳದದ್ದಕ್ಕೆಲ್ಲಾ ಹದಿನೈದ ಸಾವಿರ ಕೊಡ್ತೀನಿ" ಅಂದರು. ಕೊಡಬಹುದೇ?

ಉತ್ತರ: ಅಕ್ಕಾವ್ರೇ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಆ ಮನುಷ್ಯ ಮತ್ತೆ ಬಂದಾನು. ಸದ್ಯಕ್ಕೆ ಏನನ್ನೂ ಕೊಡಬೇಡಿ.

ಹದಿನೈದು ಸಾವಿರ ಕಡಿಮೆಯಾಯಿತು ಅಂತ ಹೇಳುತ್ತಿಲ್ಲ. ಜೋಡಿಸಿ ಬಣ್ಣ ಹಚ್ಚಿದ ಪ್ಲಾಸ್ಟಿಕ್ ಮಾದರಿಗೆ ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆ ಇಲ್ಲ. ಒಬ್ಬರು ನಾಲ್ಕು ತಿಂಗಳು ರಾತ್ರಿ ಕೂತು ಮಾಡಿದ್ದು, ಬಿಚ್ಚದ ಪೆಟ್ಟಿಗೆಯ ಬೆಲೆಗೂ ಹೋಗುವುದಿಲ್ಲ. ಅವರ ಕಣ್ಣು ಬಿದ್ದಿರುವುದು ಆ ಏಳೆಂಟು ಲೋಹದವುಗಳ ಮೇಲೆ. ಮಗನ ಪಟ್ಟಿಯಲ್ಲಿ ಡಿಂಕಿ ಕಂಪನಿಯ ಸೆಂಚೂರಿಯನ್ ಟ್ಯಾಂಕು ಇದೆ, ನಂಬರು 651. 1954ರಲ್ಲಿ ಬಂದ ಮಾದರಿ ಅದು. ಜಗತ್ತಿನ ಎಲ್ಲೆಡೆ ಅದನ್ನು ಹುಡುಕುವವರಿದ್ದಾರೆ. ಪೆಟ್ಟಿಗೆ ಜೊತೆಗಿದ್ದರೆ ಒಂದು ಬೆಲೆ, ಇಲ್ಲದಿದ್ದರೆ ಬೆಲೆ ಧೊಪ್ಪನೆ ಬೀಳುತ್ತದೆ. ಹಾಗಾಗಿ ಹರಿದ ರಟ್ಟಿನ ಪೆಟ್ಟಿಗೆಯನ್ನೂ ರದ್ದಿಗೆ ಹಾಕಬೇಡಿ. ಉಳಿದ ಲೋಹದ ಗಾಡಿಗಳ ತಳವನ್ನೂ ನೋಡಿ. 'ನಿಕ್ಕಿ' ಅಂತ ಅಚ್ಚಾಗಿದ್ದರೆ ಅದು ಡಿಂಕಿಯ ಹಳೆಯ ಅಚ್ಚುಗಳನ್ನು ಕೋಲ್ಕತ್ತಕ್ಕೆ ತಂದು ನಮ್ಮ ದೇಶದಲ್ಲೇ ಎರಕ ಹೊಯ್ದ ಕಾಲದ್ದು. ಅದಕ್ಕೂ ಗಿರಾಕಿಗಳಿದ್ದಾರೆ.

ಆದರೆ ಆತ 'ನೀವ ಇಟ್ಕೋರಿ' ಅಂತ ಬಿಟ್ಟುಹೋದ ಆ ಎರಡಿವೆಯಲ್ಲ, ನನಗೆ ನಿದ್ದೆಗೆಡಿಸಿದ್ದು ಅವೇ.

ನಿಮ್ಮ ಮಗನ ಪಟ್ಟಿಯನ್ನು ನಾನು ಮೂರು ಸಲ ಓದಿದೆ. ನ್ಯಾಟ್, ಹಂಟರ್, ಮಿಗ್-21, ಸೇಬರ್, ಸ್ಟಾರ್‌ಫೈಟರ್. ನೆಲದ ಮೇಲೆ ಸೆಂಚೂರಿಯನ್, ಶರ್ಮನ್, ಎಎಂಎಕ್ಸ್-13, ಪ್ಯಾಟನ್, ಟಿ-55, ಮತ್ತೆ ತೋಪು ಹೊತ್ತ ಜೀಪು. ಸಾಮಾನ್ಯವಾಗಿ ಈ ಹುಚ್ಚು ಹತ್ತಿದವರ ಮನೆಯಲ್ಲಿ ಮೊದಲು ಕಾಣುವುದು ಜರ್ಮನಿಯ ಟೈಗರ್ ಟ್ಯಾಂಕು, ಬ್ರಿಟನ್ನಿನ ಸ್ಪಿಟ್‌ಫೈರ್. ಕಿಟ್, ಅಂದರೆ ಜೋಡಿಸಬೇಕಾದ ಬಿಡಿಭಾಗಗಳ ಪೆಟ್ಟಿಗೆ, ಮಾಡುವ ಕಂಪನಿಗಳೆಲ್ಲ ಅವನ್ನೇ ಮಾಡುತ್ತವೆ, ಅವೇ ಸುಲಭವಾಗಿ ಸಿಗುತ್ತವೆ. ನಿಮ್ಮ ಕಾಕಾನ ಟ್ರಂಕಿನಲ್ಲಿ ಅವು ಒಂದೂ ಇಲ್ಲ. ಇರುವುದಷ್ಟೂ 1965 ಮತ್ತು 1971ರ ಯುದ್ಧದಲ್ಲಿ ನಮ್ಮ ಕಡೆಗೋ ಎದುರು ಕಡೆಗೋ ಇದ್ದವು. ಆ ಜೀಪನ್ನೇ ನೋಡಿ. 1965ರ ಸೆಪ್ಟೆಂಬರ್‌ನಲ್ಲಿ ಅಸಲ್ ಉತ್ತರ್‌ನಲ್ಲಿ ಅಬ್ದುಲ್ ಹಮೀದ್ ಜೀಪಿಗೆ ಕಟ್ಟಿದ ತೋಪಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಹೊಡೆದು ಪರಮವೀರ ಚಕ್ರ ಪಡೆದರು, ಮರಣೋತ್ತರವಾಗಿ. ಪಟ್ಟಿಯಲ್ಲಿ ಜೀಪಿನ ಮುಂದಿನ ಸಾಲೇ ಪ್ಯಾಟನ್. ಟ್ರಂಕಿನಲ್ಲೂ ಅವು ಅಕ್ಕಪಕ್ಕದಲ್ಲೇ ಇದ್ದವೇ ಅಂತ ಮಗನನ್ನು ಕೇಳಿ. ಕಾಕಾ ಸಾಮಾನು ಕೂಡಿಡುತ್ತಿರಲಿಲ್ಲ, ಒಂದು ಕಥೆ ಕೂಡಿಡುತ್ತಿದ್ದರು.

ಈಗ ಕಟ್ಟಿಗೆಯ ವಿಮಾನಕ್ಕೆ ಬನ್ನಿ. ಉದ್ದ 22 ಸೆಂ.ಮೀ., ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ, ಮೂಗು ಚೂಪು, ಹೊಟ್ಟೆಯ ಎರಡೂ ಬದಿಗೆ ಗಾಳಿ ಎಳೆಯುವ ಬಾಯಿ, ಹಿಂದೆ ಎರಡು ಕೊಳವೆ. ಇಷ್ಟು ಓದಿದಾಗಲೇ ನನಗೆ ಅನುಮಾನ ಬಂತು. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಮಾರುತ್, ಅಂದರೆ ಎಚ್‌ಎಫ್-24. ಜರ್ಮನಿಯಿಂದ ಬಂದ ಕುರ್ಟ್ ಟ್ಯಾಂಕ್ ಅದರ ವಿನ್ಯಾಸಕಾರ. 1961ರ ಜೂನ್ 17ರಂದು ಮೊದಲ ಸಲ ಹಾರಿತು. ಒಟ್ಟು ತಯಾರಾದದ್ದು 147. 1971ರಲ್ಲಿ ರಾಜಸ್ಥಾನದ ಗಡಿಯಲ್ಲಿ ಯುದ್ಧಕ್ಕಿಳಿಯಿತು. ನಿಜವಾದ ಮಾರುತ್‌ನ ಉದ್ದ 15.87 ಮೀಟರ್, ರೆಕ್ಕೆ 9 ಮೀಟರ್. ಕಾಕಾನ ವಿಮಾನಗಳೆಲ್ಲ ನಿಜದ 72ರಲ್ಲಿ ಒಂದು ಭಾಗ (1:72), ಹಾಗಾಗಿ 72ರಿಂದ ಭಾಗಿಸಿ. ಉದ್ದ 22.04 ಸೆಂ.ಮೀ., ರೆಕ್ಕೆ 12.5. ನಿಮ್ಮ ಮಗ ಅಳೆದದ್ದಕ್ಕೆ ಕೂದಲೆಳೆಯ ಫರಕೂ ಇಲ್ಲ.

ತಗಡಿನ ಟ್ಯಾಂಕಿನದೂ ಇದೇ ಲೆಕ್ಕ. ಅದು ಟಿ-55 ಅಲ್ಲ. ಟಿ-55ಕ್ಕೆ ಒಂದು ಬದಿಗೆ ಐದು ಗಾಲಿ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಕಣ್ಣಿಗೆ ಹೊಡೆಯುವಷ್ಟು ಸಂದು. ನಿಮ್ಮ ತಗಡಿನ ಟ್ಯಾಂಕಿಗೆ ಆರು ಗಾಲಿ, ಉದ್ದನೆಯ ನಳಿಗೆ, ಅಗಲ 9 ಸೆಂ.ಮೀ. ನಮ್ಮ ವಿಜಯಂತದ ಅಗಲ 3.17 ಮೀಟರ್ ಆಸುಪಾಸು. ಕಾಕಾನ ಟ್ಯಾಂಕುಗಳು ನಿಜದ 35ರಲ್ಲಿ ಒಂದು ಭಾಗ (1:35), 35ರಿಂದ ಭಾಗಿಸಿದರೆ 9 ಸೆಂ.ಮೀ. ಸಿಗುತ್ತದೆ. ಬ್ರಿಟನ್ನಿನ ವಿಕರ್ಸ್ ವಿನ್ಯಾಸದ ಮೇಲೆ ಚೆನ್ನೈ ಬಳಿಯ ಅವಡಿ ಕಾರ್ಖಾನೆಯಲ್ಲಿ ಕಟ್ಟಿದ ಟ್ಯಾಂಕು ಅದು. ಆ ಕಾಲದಲ್ಲಿ ವಿಜಯಂತದ ಕಿಟ್ಟಾಗಲೀ ಮಾರುತ್‌ನ ಕಿಟ್ಟಾಗಲೀ ಹುಬ್ಬಳ್ಳಿಯಲ್ಲಿದ್ದವರ ಕೈಗೆಲ್ಲಿ ಸಿಗಬೇಕು? ಕಥೆಯಲ್ಲಿ ಎರಡು ಪಾತ್ರ ಕಡಿಮೆ ಬಿದ್ದವು, ಕಾಕಾ ತಾವೇ ಮಾಡಿಕೊಂಡರು. ದಿನಾ ವರ್ನಿಯರ್ ಹಿಡಿದ ಕೈ, ಅಳತೆ ತಪ್ಪಲಿಲ್ಲ. ಬಣ್ಣ ಹಚ್ಚುವುದರಲ್ಲಿ ಮಾತ್ರ ಕೈ ಅಷ್ಟು ಕೂಡಿಬಂದಿಲ್ಲ, ಒಪ್ಪುತ್ತೇನೆ. ನನ್ನದೂ ಬಂದಿಲ್ಲ.

ಹಾಗಾಗಿ ಇವೆರಡಕ್ಕೆ ಹೊಸ ಬಣ್ಣ ಬೇಡವೇ ಬೇಡ. ಮೆತ್ತನೆಯ ಕುಂಚದಿಂದ ಧೂಳು ಝಾಡಿಸಿ ಹಾಗೇ ಇಡಿ. ತಗಡಿಗೆ ತುಕ್ಕು ಹತ್ತಿದ್ದರೆ ಉಜ್ಜಿ ತೆಗೆಯಬೇಡಿ. ಹೊಲಿಗೆ ಮಶಿನ್ ಎಣ್ಣೆಯನ್ನು ಕಡ್ಡಿಗೆ ಸುತ್ತಿದ ಹತ್ತಿಯಲ್ಲಿ ಅದ್ದಿ, ತುಕ್ಕಿನ ಮೇಲಷ್ಟೇ ಒತ್ತಿ, ಒರೆಸಿ.

ಪಟ್ಟಿಯಲ್ಲಿ ಇನ್ನೊಂದು ಕಡೆ ಮಗ, 'ನ್ಯಾಟ್: ಪೆಟ್ಟಿಗೆ ಬೇರೆ, ವಿಮಾನ ಬೇರೆ' ಅಂತ ಬರೆದಿದ್ದಾನೆ. ಪೆಟ್ಟಿಗೆಯ ಮೇಲೆ ಇಬ್ಬರು ಕೂರುವ ಕೆಂಪು ವಿಮಾನ, ಒಳಗಿರುವುದು ಒಬ್ಬರು ಕೂರುವ ಬೆಳ್ಳಿ ಬಣ್ಣದ್ದು. ಅದಲುಬದಲಾಗಿಲ್ಲ ಅಂತ ಅವನಿಗೆ ಹೇಳಿ. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿಯ ಕಿಟ್ ಇರುವುದು ತರಬೇತಿಯ ನ್ಯಾಟ್‌ನದು, ಬ್ರಿಟನ್ನಿನ ರೆಡ್ ಆರೋಸ್ ತಂಡ ಕಸರತ್ತಿಗೆ ಬಳಸುತ್ತಿದ್ದ ಜೋಡಿ ಆಸನದ್ದು. ನಮ್ಮ ವಾಯುಪಡೆಯಲ್ಲಿ ಇದ್ದದ್ದು ಒಂಟಿ ಆಸನದ ಯುದ್ಧವಿಮಾನ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಿರ್ಮಲ್‌ಜಿತ್ ಸಿಂಗ್ ಸೇಖೋಂ ಕೂತು ಹೋರಾಡಿದ್ದು ಅದರಲ್ಲೇ. ಅಂದಮೇಲೆ ಕಾಕಾ ಕಿಟ್ಟನ್ನು ಗರಗಸದಿಂದ ಕೊಯ್ದು, ಒಂದು ಆಸನ ತೆಗೆದು, ಪುಟ್ಟಿ ತುಂಬಿ ಉಜ್ಜಿದ್ದಾರೆ. ಕ್ಯಾನೊಪಿಯ, ಅಂದರೆ ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳದ, ಹಿಂದೆ ಬೆರಳಾಡಿಸಿದರೆ ಏರುತಗ್ಗು ಸಿಕ್ಕೀತು. ಇನ್ನೂ ಒಂದು ಪರೀಕ್ಷೆ ಇದೆ. ತರಬೇತಿ ನ್ಯಾಟ್‌ನ ರೆಕ್ಕೆ ದೊಡ್ಡದು. ಮಾದರಿಯ ರೆಕ್ಕೆ 10 ಸೆಂ.ಮೀ. ದಾಟಿದರೆ ಹಾಗೇ ಬಿಟ್ಟಿದ್ದಾರೆ, 9.3ರ ಹತ್ತಿರ ಇದ್ದರೆ ರೆಕ್ಕೆಯನ್ನೂ ಕತ್ತರಿಸಿದ್ದಾರೆ. ಮಗ ಇದೊಂದರ ರೆಕ್ಕೆ ಅಳೆಯುವುದನ್ನು ಮರೆತಿದ್ದಾನೆ! ಅಳೆದು ನನಗೆ ಬರೆಯಲೇಬೇಕು. ಈಗೀಗ ಜೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿ ಒಂಟಿ ಆಸನದ ನ್ಯಾಟ್ ಕಿಟ್ ತಂದಿದೆ, ನ್ಯಾಟ್‌ನ್ನೇ ಸುಧಾರಿಸಿ ಎಚ್‌ಎಎಲ್ ಮಾಡಿದ ಅಜೀತ್ ಕೂಡ ಬಂದಿದೆ. ಕಾಕಾನ ಕಾಲಕ್ಕೆ ಅವೆಲ್ಲ ಇರಲಿಲ್ಲ.

ಬೂಸರಿನ ವಿಷಯ. ಕೈ ಹಚ್ಚುವ ಮೊದಲು ಟ್ರಂಕಿನ ಮೂಲೆಗಳಲ್ಲಿ ಡಾಂಬರ್ ಗುಳಿಗೆ ಇವೆಯೇ ನೋಡಿ, ಇದ್ದರೆ ಇವತ್ತೇ ತೆಗೆದು ಹೊರಗೆ ಹಾಕಿ. ಸೀರೆಗೆ ಒಳ್ಳೆಯದು, ಈ ಪ್ಲಾಸ್ಟಿಕ್ಕಿಗೆ ವಿಷ. ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್; ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಆವಿ ಅದನ್ನು ಮೆತ್ತಗೆ ಮಾಡುತ್ತದೆ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ಧಾರವಾಡದ ಒಂದು ಮಳೆಗಾಲದಲ್ಲಿ ಬೂಸರು ಬಾರದಿರಲಿ ಅಂತ ಹಂಟರ್ ವಿಮಾನದ ಡಬ್ಬಿಯಲ್ಲಿ ನಾಲ್ಕು ಗುಳಿಗೆ ಹಾಕಿ ಮುಚ್ಚಿಟ್ಟೆ. ದಸರೆಗೆ ತೆಗೆದರೆ ಗುಳಿಗೆ ತಾಗಿದ್ದ ಕಡೆ ರೆಕ್ಕೆ ಬಿಸಿಲಿಗಿಟ್ಟ ಪೇಢೆಯಂತಾಗಿತ್ತು. ಇನ್ನೂ ಇಟ್ಟುಕೊಂಡಿದ್ದೇನೆ, ಬಂದವರಿಗೆ ತೋರಿಸಲು.

ಬೂಸರು ತೆಗೆಯಲು ಮೊದಲು ಒಣ ಕುಂಚ. ಮುಖಕ್ಕೆ ಪೌಡರ್ ಹಚ್ಚುವ ದಪ್ಪ ಮೆತ್ತನೆ ಕುಂಚವೇ ಸಾಕು. ಮನೆಯ ಹೊರಗೆ ನಿಂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ವಿಮಾನದ ಮೂಗಿನಿಂದ ಬಾಲದ ಕಡೆಗೆ ಹಗುರಾಗಿ ಎಳೆಯಬೇಕು. ಬಟ್ಟೆಯಿಂದ ಒರೆಸಲು ಹೋಗಬೇಡಿ. ಆಂಟೆನಾ, ಮಶಿನ್‌ಗನ್ ನಳಿಗೆ ಎಲ್ಲ ಎಳೆಗೆ ಸಿಕ್ಕಿ ಮುರಿಯುತ್ತವೆ. ಕುಂಚಕ್ಕೆ ಬಾರದ ಕಲೆ ಉಳಿದರೆ ಉಗುರುಬೆಚ್ಚಗಿನ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ ಹಿಂಡಿ, ಕಾಣದ ಕಡೆ, ಅಂದರೆ ಹೊಟ್ಟೆಯ ಮೇಲೆ, ಮೊದಲು ಮುಟ್ಟಿಸಿ ನೋಡಿ. ಬಣ್ಣ ಬಿಡದಿದ್ದರೆ ಮಾತ್ರ ಮುಂದುವರಿಯಿರಿ. ಚಕ್ರದಂಥ ಗುರುತು, ನಂಬರುಗಳು ಇರುವ ಜಾಗಕ್ಕೆ ನೀರು ಬೇಡ. ಅವು ಡೆಕಾಲ್, ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸಿದವು. ಮೇಲೆ ವಾರ್ನಿಷ್ ಹೊಡೆದಿಲ್ಲದಿದ್ದರೆ ಎದ್ದು ಬರುತ್ತವೆ. ಥಿನ್ನರ್, ಪೆಟ್ರೋಲ್, ಉಗುರು ಬಣ್ಣ ತೆಗೆಯುವ ದ್ರಾವಣ, ಇವು ಯಾವುವೂ ಹತ್ತಿರ ಸುಳಿಯಬಾರದು.

ಗಾಲಿಗೆ ಅಂಟಿಕೊಂಡ ಚೈನಿನ ಕಥೆ ಸ್ವಲ್ಪ ಬೇಸರದ್ದು. ಹಳೆಯ ಕಿಟ್‌ಗಳ ಮೆತ್ತನೆ ಚೈನು ನಿಜವಾಗಿ ರಬ್ಬರ್ ಅಲ್ಲ, ವಿನೈಲ್. ಅದು ಮೆತ್ತಗಿರಲೆಂದು ಬೆರೆಸಿದ ಎಣ್ಣೆಯಂಥ ವಸ್ತು ವರ್ಷಗಳು ಕಳೆದಂತೆ ಹೊರಗೆ ಜಿನುಗಿ, ತಾಗಿದ ಗಾಲಿಯ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಅಲ್ಲಿ ಅಂಟಿಕೊಂಡದ್ದನ್ನು ಜಗ್ಗಿದರೆ ಗಾಲಿಯ ಅರ್ಧ ಅದರ ಸಂಗಡ ಬರುತ್ತದೆ. ಅಂಟಿಕೊಂಡವನ್ನು ಹಾಗೇ ಬಿಡಿ, ಹೊರಗಿನಿಂದ ಕಾಣುವುದಿಲ್ಲ. ಇನ್ನೂ ಸಡಿಲ ಇರುವವನ್ನು ಮಾತ್ರ ಬಿಡಿಸಿ ತೆಗೆದು ಗಾಲಿಯನ್ನು ಒರೆಸಿ, ಮಗನಿಗೆ ಕೈ ಕೂಡಿಬಂದ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಡಿಕೊಂಡಿಯ ಚೈನು ತರಿಸಿ ಹಾಕಲಿ. ಒಂದೊಂದೇ ಕೊಂಡಿ ಜೋಡಿಸುವ ಆ ಕೆಲಸ ಶಾವಿಗೆ ಹೊಸೆದಂತೆ, ಒಬ್ಬರೇ ಕೂತರೆ ಮುಗಿಯುವುದಿಲ್ಲ, ನೀವೂ ಕೂರಬೇಕಾಗುತ್ತದೆ.

ಲೋಹದವುಗಳಿಗೆ ಬರುವ ರೋಗ ಬೇರೆ. ಬಣ್ಣದಡಿ ಸಣ್ಣ ಗುಳ್ಳೆ, ಆಮೇಲೆ ಬಿರುಕು, ಕೊನೆಗೆ ಬಿಸ್ಕೀಟಿನಂತೆ ಪುಡಿ. ಸತುವಿನ ಮಿಶ್ರಲೋಹಕ್ಕೆ ಎರಕದ ಹೊತ್ತಿನಲ್ಲೇ ಸೀಸ ಬೆರೆತಿದ್ದರೆ ಹೀಗಾಗುತ್ತದೆ; ತೇವ ಮತ್ತು ಕಾವು ಅದಕ್ಕೆ ಇಂಬು ಕೊಡುತ್ತವೆ. ಒಂದರಿಂದ ಇನ್ನೊಂದಕ್ಕೆ ಹಬ್ಬುವ ರೋಗವಲ್ಲ, ಹೆದರಬೇಡಿ. ಆದರೆ ಅದಕ್ಕೆ ಔಷಧಿಯೂ ಇಲ್ಲ.

ಇನ್ನು ಎಲ್ಲಿ ಇಡಬೇಕು. ಹುಬ್ಬಳ್ಳಿಯ ಧೂಳಿನಿಂದ ಪಾರಾಗಿ ಬೆಟಗೇರಿಗೆ ಬಂದವು ಅಂತ ಸಮಾಧಾನಪಡುವ ಹಾಗಿಲ್ಲ. ನಿಮ್ಮದು ಮಾಳಿಗೆ ಮನೆಯಾಗಿದ್ದರೆ ಮೇಲಿಂದ ಮಣ್ಣು ಉದುರುತ್ತಲೇ ಇರುತ್ತದೆ. ತಗಡಿನ ಮನೆಯಾಗಿದ್ದರೆ ಏಪ್ರಿಲ್‌ನಲ್ಲಿ ಅಟ್ಟದ ಕಾವಿಗೆ ತೆಳು ರೆಕ್ಕೆಗಳು ಬಾಗುತ್ತವೆ. ಅಂಗಡಿಗಳವರು ಮಾರಿಬಿಡುವ ಹಳೆಯ ಗಾಜಿನ ಕಪಾಟು ಎಲ್ಲಕ್ಕಿಂತ ಒಳ್ಳೆಯದು. ಬಿಸಿಲು ಬೀಳದ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಹೊಸ ಪ್ಲೈವುಡ್ಡಿನ ಕಪಾಟು ಮಾಡಿಸಿದರೆ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿಟ್ಟು ಆಮೇಲೆ ತುಂಬಿ. ಹೊಸ ಮರದ, ಅಂಟಿನ ಆವಿಗೆ ಲೋಹ ಮಂಕಾಗುತ್ತದೆ. ಮೂಲೆಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ಕುಡಿದು ಸಾಕಾಯಿತು ಅಂತ ಲೆಕ್ಕ, ಆಗ ಪೊಟ್ಟಣ ಬದಲಿಸಿ.

ಮಗನ ಪ್ರಶ್ನೆಗೆ ಬರೋಣ. ಯಾವ ಅಳತೆ? ಅಳತೆ ಅಂದರೆ ಏನು ಅಂತ ಅವನಿಗೆ ತಿಳಿಹೇಳಲು ಹುಬ್ಬಳ್ಳಿಯ ಬೆಂಗೇರಿಗೆ ಒಮ್ಮೆ ಕರೆದೊಯ್ಯಿರಿ. ಅಲ್ಲಿನ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ. ಅತಿ ದೊಡ್ಡದು 6300 ಮಿ.ಮೀ. ಉದ್ದ 4200 ಮಿ.ಮೀ. ಅಗಲ, ಅತಿ ಸಣ್ಣದು 150ಕ್ಕೆ 100. ಎರಡನ್ನೂ ಭಾಗಿಸಿದರೆ ಮೂರಕ್ಕೆ ಎರಡೇ. ನಮ್ಮ ಹವ್ಯಾಸವೂ ಅಷ್ಟೇ, ಎಷ್ಟು ಸಣ್ಣದಾದರೂ ಎಲ್ಲ ಕಡೆಗೂ ಒಂದೇ ಭಾಗಾಕಾರ.

1:72 ಬಂದದ್ದು ಬ್ರಿಟಿಷರ ಅಡಿ-ಇಂಚಿನ ಲೆಕ್ಕದಿಂದ; ಆರಡಿ ಆಳು ಒಂದಿಂಚು ಆಗುತ್ತಾನೆ. 1:35ರ ಹುಟ್ಟು ನನಗೆ ಇನ್ನೂ ಇಷ್ಟ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಓಡುವ ಪ್ಯಾಂಥರ್ ಟ್ಯಾಂಕು ಮಾಡಲು ಹೊರಟಿತು, ಮೋಟರು ಮತ್ತು ಬ್ಯಾಟರಿ ಹೊಟ್ಟೆಯೊಳಗೆ ಹಿಡಿಸಬೇಕಲ್ಲ, ಹಿಡಿಸುವಷ್ಟು ದೊಡ್ಡದು ಮಾಡಿದರು, ಆಮೇಲೆ ಅಳೆದರೆ ಅದು 35ರಲ್ಲಿ ಒಂದು ಭಾಗ ಆಗಿತ್ತು. ಈಗ ಜಗತ್ತಿನ ಟ್ಯಾಂಕು ಮಾದರಿಗಳೆಲ್ಲ ಆ ಬ್ಯಾಟರಿಯ ಋಣದಲ್ಲಿವೆ.

ಕಾಕಾ ಟ್ಯಾಂಕಿಗೆ 1:35, ವಿಮಾನಕ್ಕೆ 1:72 ಇಟ್ಟುಕೊಂಡಿದ್ದರು. ನನ್ನ ಸಲಹೆ ಕೇಳಿದರೆ ಮಗ ಎರಡಕ್ಕೂ 1:72 ಹಿಡಿಯಲಿ. ಟಿ-55ರ ಒಡಲು 1:35ರಲ್ಲಿ 18 ಸೆಂ.ಮೀ. ದಾಟುತ್ತದೆ, 1:72ರಲ್ಲಿ 9 ಸಾಕು. ಮಿಗ್-21ರ ರೆಕ್ಕೆ ಹತ್ತೇ ಸೆಂ.ಮೀ. ಟ್ಯಾಂಕಿನ ಪಕ್ಕಕ್ಕೆ ವಿಮಾನ ಇಟ್ಟರೆ ಯಾವುದು ಎಷ್ಟು ದೊಡ್ಡದು ಅಂತ ಕಣ್ಣಿಗೇ ಗೊತ್ತಾಗುತ್ತದೆ, ದುಡ್ಡೂ ಕಡಿಮೆ. ದೊಡ್ಡ ವಿಮಾನಗಳ ಆಸೆಗೆ ಮಾತ್ರ ಬೀಳಬಾರದು. ಕಾರವಾರದ ಕಡಲದಂಡೆಯಲ್ಲಿ ಐಎನ್‌ಎಸ್ ಚಾಪಲ್ ಹಡಗಿನ ಹತ್ತಿರ ಈಗ ನೌಕಾಪಡೆಯ ಟಿಯು-142 ನಿಲ್ಲಿಸಿದ್ದಾರೆ, ನೋಡಿ ಬಂದ ಹುಡುಗರೆಲ್ಲ ಅದೇ ಬೇಕು ಅನ್ನುತ್ತಾರೆ. ಅದರ ರೆಕ್ಕೆ 50 ಮೀಟರ್. 1:72ರಲ್ಲಿ ಮಾಡಿದರೂ 69 ಸೆಂ.ಮೀ., ನಿಮ್ಮ ಕಪಾಟಿನ ಬಾಗಿಲು ಮುಚ್ಚುವುದಿಲ್ಲ.

ಕೊಳ್ಳುವಾಗ ಪೆಟ್ಟಿಗೆಯ ಚಿತ್ರ ನಂಬಬಾರದು, ಯಾವ ಕಾಲದ ಯಾವ ಬಗೆ ಅಂತ ಓದಬೇಕು. ಕಥೆ 1971ರದಾದರೆ ಮಿಗ್-21ರಲ್ಲಿ ಬೆನ್ನು ತೆಳ್ಳಗಿನ ಎಫ್‌ಎಲ್ ಬೇಕು. 1971ರ ಡಿಸೆಂಬರ್‌ನಲ್ಲಿ ಢಾಕಾದ ಗವರ್ನರ್ ಬಂಗಲೆಯ ಮೇಲೆ ಎರಗಿದ್ದು ಅವು. ಬೆನ್ನು ಉಬ್ಬಿದ ಬಿಸ್ ಆಮೇಲೆ ಬಂದದ್ದು. ಅಗ್ಗದ ಆಟಿಗೆಗಳಲ್ಲಿ ಗುರುತನ್ನೂ ತಪ್ಪು ಹಾಕುತ್ತಾರೆ. ನಮ್ಮ ವಾಯುಪಡೆಯ ಚಕ್ರದ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಹೊರಗೆ ಕೇಸರಿಯ ಬದಲು ಕೆಂಪು ಕಂಡರೆ ಅದು ಇಟಲಿಯದು.

ಮೊದಲನೆಯದಕ್ಕೆ ಬಿಡಿಭಾಗ ಕಡಿಮೆ ಇರುವ ಅಗ್ಗದ ವಿಮಾನವೇ ಇರಲಿ. ಒಂದು ಬ್ಲೇಡು, ಚಿಮಟ, ಉಗುರಿನ ಅರ, ಪ್ಲಾಸ್ಟಿಕ್ ಅಂಟು, ಎರಡು ಕುಂಚ, ನಾಲ್ಕು ಬಣ್ಣ. ಕ್ಯಾನೊಪಿಗೆ ಫೆವಿಕ್ವಿಕ್ ಹಚ್ಚಬಾರದು, ಅದರ ಆವಿಗೆ ಗಾಜಿನಂಥ ಪ್ಲಾಸ್ಟಿಕ್ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದರೆ ಕಾಣುವುದೂ ಇಲ್ಲ. ಪೆಟ್ಟಿಗೆಗಳಲ್ಲಿ ಉಳಿದಿರುವ ಹಳೆಯ ಡೆಕಾಲ್ ಹಾಳೆಗಳು ಹಳದಿಯಾಗಿದ್ದರೆ ಎಸೆಯದೆ, ಕಿಟಕಿಯ ಗಾಜಿಗೆ ಒಳಗಿನಿಂದ ಅಂಟಿಸಿ ಕೆಲವು ದಿನ ಬಿಸಿಲು ತೋರಿಸಿ, ಬಿಳುಪು ತಿರುಗುತ್ತದೆ. ಗದಗಿನ ಬಿಸಿಲಿಗೆ ಇದಕ್ಕಿಂತ ಒಳ್ಳೆ ಉಪಯೋಗ ನನಗೆ ಹೊಳೆದಿಲ್ಲ. ಬಳಸುವ ಮುಂಚೆ ಅದರ ಮೇಲೆ ತೆಳುವಾಗಿ ವಾರ್ನಿಷ್ ಹೊಡೆಯದಿದ್ದರೆ ನೀರಿಗೆ ಬಿದ್ದೊಡನೆ ನೂರು ಚೂರು.

ರಜೆಯಲ್ಲಿ ಅವನನ್ನು ಬೆಂಗಳೂರಿಗೆ ಕರೆದೊಯ್ಯುವುದಾದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಜವಾದ ಮಾರುತ್ ಇದೆ, ಎಚ್‌ಎಎಲ್‌ನ ಸ್ವಂತ ಸಂಗ್ರಹಾಲಯದಲ್ಲೂ ಇದೆ. ಕಟ್ಟಿಗೆಯ ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ಸಂಗಡ ಒಯ್ಯಿರಿ. ಪಕ್ಕಕ್ಕೆ ಹಿಡಿದು ಒಂದು ಫೋಟೋ ತೆಗೆಯಲಿ.

ಹೋಗುವ ಮೊದಲು ಕಾಕುಗೆ ಒಂದು ಫೋನ್ ಮಾಡಿ: ಕಾಕಾ ಯಾವಾಗಾದರೂ ಬೆಂಗಳೂರಿಗೆ ಹೋಗಿ ಆ ವಿಮಾನದ ಸುತ್ತ ಓಡಾಡಿದ್ದರೇ? 22 ಸೆಂ.ಮೀ. ಅನ್ನುವುದು ಊಹೆಯಿಂದ ಬರುವ ಅಳತೆಯಲ್ಲ, ಎಲ್ಲೋ ಒಂದು ಕಡೆ ಬರೆದಿಟ್ಟುಕೊಂಡಿರಲೇಬೇಕು. ಟ್ರಂಕಿನ ತಳಕ್ಕೆ ಹಾಸಿದ ಕಾಗದಗಳನ್ನು, ವರ್ಕ್‌ಶಾಪಿನ ಹಳೆಯ ಡೈರಿಗಳಿದ್ದರೆ ಅವನ್ನು, ಒಂದೊಂದೇ ಹಾಳೆ ಬಿಡಿಸಿ ನೋಡಿ. ಪೆನ್ಸಿಲಿನ ಗೆರೆ, ಅಂಕಿ ಏನಾದರೂ ಸಿಕ್ಕರೆ ಒರೆಸಬೇಡಿ. ನಾನು ಭಾನುವಾರಗಳಲ್ಲಿ ಗದಗಿನ ಕಡೆ ಬರುವುದುಂಟು, ಸಿಕ್ಕರೆ ತಿಳಿಸಿ, ನೋಡಲು ಬರುತ್ತೇನೆ.